ಹಳದಿ ಸಸಿಗಳು ಮತ್ತು ಹೆಡ್ವಿಗ್ ಕ್ಲಿಂಗ್ಲರ್

ಹೆಡ್ವಿಗ್ ಕ್ಲಿಂಗ್ಲರ್ ಯಾರ ಮಾತನ್ನೂ ಮೊದಲ ಸಲಕ್ಕೆ ನಂಬಿದವರಲ್ಲ. ಹೊರಗೆ ಚಳಿ ಎಂದರೂ, ರೈಲು ತಡವಂತೆ ಎಂದರೂ, ದಪ್ಪ ಕನ್ನಡಕದ ಮೇಲಂಚಿನಿಂದ ಎದುರಿನವರ ಮುಖವನ್ನು ದಿಟ್ಟಿಸಿ, "ಅಳೆದು ನೋಡಿದ್ರಾ?" ಎನ್ನುವರು. ಎಪ್ಪತ್ತೊಂದರ ಪ್ರಾಯದಲ್ಲೂ ಎದುರುಗಾಳಿಯನ್ನು ಸೀಳಿಕೊಂಡು ಹೊರಟವರಂತೆ ಮುಂದಕ್ಕೆ ಬಾಗಿದ ನಡಿಗೆ. ಬೇಸಿಗೆಯಲ್ಲೂ ಮೈಬಿಡದ, ಮೊಣಕೈಗೆ ಎರಡೆರಡು ತೇಪೆ ಕಂಡ ಬೂದು ಕೋಟು. ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದ ಕೋಟು ಅದು. ನಿವೃತ್ತಿಯ ದಿನ ಹಿಂದಿರುಗಿಸಬೇಕಿತ್ತು, ಹಿಂದಿರುಗಿಸಲಿಲ್ಲ.

ಸಂಘಗಳು ಗಾಂಜಾ ಬೆಳೆದು ತಮ್ಮ ಸದಸ್ಯರಿಗೆ ಹಂಚಬಹುದೆಂದು ಜರ್ಮನಿಯಲ್ಲಿ ಕಾನೂನಾದ ಮೇಲೆ, ಮೈನ್ ನದಿಯ ದಂಡೆಯ ನಮ್ಮೂರಿನಲ್ಲಿಯೂ ಹಳೆಯ ಮುದ್ರಣಾಲಯವೊಂದರಲ್ಲಿ ಪರವಾನಗಿ ಪಡೆದ ಸಂಘ ಹುಟ್ಟಿತು. ನಾನೂ ಅದರ ಸದಸ್ಯ. ಹೆಡ್ವಿಗ್ ಅರ್ಜಿ ಹಿಡಿದು ಬಂದಾಗ ಅಧ್ಯಕ್ಷ ಟಿಲೊ ಬ್ರೆಮ್ಸರ್ ನಕ್ಕುಬಿಟ್ಟ.

"ನೀವು ಸೇದ್ತೀರಾ?"

"ಇಲ್ಲ."

"ಮತ್ತೆ ಇಲ್ಲೇನು ಕೆಲಸ ನಿಮಗೆ?"

"ಸೇದೋರು ಸೇದ್ಲಿ. ಗಿಡಕ್ಕೆ ನೀರು ಹಾಕೋಕೆ ಒಬ್ರು ಬೇಕಲ್ಲ!"

ಟಿಲೊ ಕೆಟ್ಟವನಲ್ಲ. ಹಿಂದೆ ವಿಮೆ ಮಾರುತ್ತಿದ್ದವನು. ಯಾವ ಪ್ರಶ್ನೆಗೂ ಉತ್ತರವನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರುವ ಅಭ್ಯಾಸ ಅವನಿಗೆ ಅಂಟಿಕೊಂಡಿತ್ತು, ಅಷ್ಟೆ. ಸಂಘದ ಮೊದಲ ನಲವತ್ತು ಸಸಿಗಳು ಮೂರನೆಯ ವಾರಕ್ಕೆ ಸೊರಗತೊಡಗಿದವು. ಎಳೆಯ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಟಿಲೊ ಒಂದಾದ ಮೇಲೊಂದು ಬಾಟಲಿ ಗೊಬ್ಬರ ಸುರಿದ. ಸಸಿಗಳು ಇನ್ನಷ್ಟು ಬಿಳಿಚಿಕೊಂಡವು. ಕಡೆಗೆ ಕಾರ್ಯಕಾರಿ ಸಮಿತಿಯೇ ಸೇರಿ, ಇದು ಕೀಳು ತಳಿ, ಎಲ್ಲವನ್ನೂ ಕಿತ್ತೊಗೆದು ಹೊಸದನ್ನು ತರುವುದೆಂದು ನಿರ್ಧರಿಸಿ ನಡಾವಳಿ ಪುಸ್ತಕದಲ್ಲಿ ಬರೆದೂಬಿಟ್ಟಿತು.

ಶನಿವಾರ ಬೆಳಿಗ್ಗೆ ನಾವೆಲ್ಲ ಕೈಗವಸು ತೊಟ್ಟು ಕೀಳಲು ಹೋದರೆ, ಸಸಿಗಳ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಹೆಡ್ವಿಗ್ ಕೂತಿದ್ದರು.

"ಏಳಿ ಹೆಡ್ವಿಗ್. ತೀರ್ಮಾನ ಆಗಿಹೋಗಿದೆ" ಎಂದ ಟಿಲೊ.

"ಆಗಿದ್ರೆ ಆಗ್ಲಿ. ನಮ್ಮೂರಿನ ನೀರು ಕುಡಿದು ಕೆಟಲ್ಲು ಒಳಗೆಲ್ಲ ಬೆಳ್ಳಗಾಗುತ್ತಲ್ಲ, ಆ ಸುಣ್ಣ ಮಣ್ಣಿಗೆ ಹೋಗಲ್ವೇನಯ್ಯಾ? ಸುಣ್ಣ ಏರಿದ್ರೆ ಮಣ್ಣಲ್ಲಿರೋ ಕಬ್ಬಿಣ ಬೇರಿಗೆ ದಕ್ಕಲ್ಲ. ಊಟ ಎದುರಿಗಿದೆ, ಬಾಯಿ ಕಟ್ಟಿದೆ. ನೀನು ಮೇಲಿಂದ ಮೇಲೆ ಬಡಿಸ್ತಾ ಇದೀಯ."

ಟಿಲೊ ಜೇಬಿನಿಂದ ಪೆನ್ನಿನಂಥ ಮೀಟರು ತೆಗೆದ. ನೀರಿನ, ಮಣ್ಣಿನ ರಸಸಾರವನ್ನು, ಅಂದರೆ ಹುಳಿಯೋ ಕ್ಷಾರವೋ ಎಂಬುದನ್ನು, ಅಂಕಿಯಲ್ಲಿ ತೋರಿಸುವ ಮೀಟರು. "ಕುಂಡದ ಅಡಿಯಿಂದ ಇಳಿದ ನೀರನ್ನ ದಿನಾ ನೋಡ್ತಿದೀನಿ. ಆರು ಪಾಯಿಂಟ್ ಮೂರು. ಗಾಂಜಾಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ."

"ಈ ಮೀಟರನ್ನ ಅಳೆದು ನೋಡಿದ್ಯಾ?"

"ಮೀಟರನ್ನೇ ಅಳೆಯೋದಾ?" ಹಿಂದಿದ್ದವರು ನಕ್ಕರು.

ಹೆಡ್ವಿಗ್ ನಗಲಿಲ್ಲ. ಕೋಟಿನ ಜೇಬಿನಿಂದ ಪುಟ್ಟ ಸೀಸೆಯೊಂದನ್ನು ತೆಗೆದರು. ಅದರೊಳಗಿನ ದ್ರವದ ರಸಸಾರ ಕರಾರುವಾಕ್ಕಾಗಿ ಏಳು, ಮೀಟರುಗಳನ್ನು ಪರೀಕ್ಷಿಸಲೆಂದೇ ಮಾಡಿದ್ದು. ಮೀಟರನ್ನು ಅದರಲ್ಲಿ ಅದ್ದಿ, ಅಂಕಿ ನಿಲ್ಲುವವರೆಗೆ ಕಾದು, ಅವನ ಮೂಗಿನ ಮುಂದೆ ಹಿಡಿದರು. ಐದು ಪಾಯಿಂಟ್ ಎಂಟು.

"ಏಳನ್ನ ಐದು ಎಂಟು ಅಂತಿದೆ. ಒದ್ದೆಯಾಗಿರ್ಬೇಕಾದ ತುದಿ ಒಣಗಿಸಿ ಡ್ರಾಯರಿಗೆ ಎಸೆದ್ರೆ ಇನ್ನೇನಾಗುತ್ತೆ? ನಿನ್ನ ಆರು ಮೂರು ಅಂದ್ರೆ ಏಳೂವರೆ ಕಣೋ, ಕ್ಷಾರ. ಎರಡು ವಾರ ಕೊಡು. ಆಗಲ್ಲ ಅಂದ್ರೆ ಮೊದ್ಲು ನನ್ನನ್ನ ಎತ್ತಿ ಹೊರಗೆ ಹಾಕು."

ಯಾರೂ ಎತ್ತಲಿಲ್ಲ.

ಆ ಎರಡು ವಾರ ನಾನು ಅವರ ಜೊತೆಗಿದ್ದೆ. ಗೊಬ್ಬರದ ಬಾಟಲಿಗಳಿಗೆಲ್ಲ ಬೀಗ ಬಿತ್ತು. ಚಾವಣಿಯಿಂದಿಳಿದ ಮಳೆನೀರು ಅರ್ಧ, ನಲ್ಲಿಯದು ಅರ್ಧ. ಅದಕ್ಕೆ ಚಿಟಿಕೆಚಿಟಿಕೆಯಾಗಿ ನಿಂಬೆಉಪ್ಪು. ಕಲಕುವುದು, ಹೊಸ ಮೀಟರಿನಿಂದ ಅಳೆಯುವುದು, ಮತ್ತೆ ಚಿಟಿಕೆ. ಆರಕ್ಕೆ ಬಂದ ಮೇಲೆಯೇ ಕುಂಡಕ್ಕೆ. ಮಣ್ಣು ಮೇಲೆ ಒಣಗುವವರೆಗೂ ಮರುನೀರಿಲ್ಲ. ನನಗೆ ಆತುರ. "ಒಂದೇ ಸಲ ಹುಳಿ ಹೆಚ್ಚಿಗೆ ಹಾಕಿದ್ರೆ ಅಂಕಿ ಬೇಗ ಇಳಿಯಲ್ವಾ?" ಎಂದೆ. "ಬೇರೂ ಬೇಗ ಸಾಯುತ್ತೆ" ಎಂದರು.

ಹಾಗೆ ನೀರು ಕಲಕುತ್ತಲೇ ಒಂದು ದಿನ, ಕೇಳದೆಯೇ, ತಮ್ಮನ ವಿಷಯ ತೆಗೆದರು. ವೆಂಡೆಲಿನ್‌ಗೆ ನರದ ಕಾಯಿಲೆ. ಕಾಲುಗಳು ಸೆಟೆದುಕೊಂಡು ಕಿರುಚುವಷ್ಟು ನೋವು. ಎರಡು ಗಾಂಜಾ ಗಿಡಗಳನ್ನು ಬಟ್ಟೆಯ ಬೀರುವಿನಲ್ಲಿ ಕದ್ದುಮುಚ್ಚಿ ಬೆಳೆಸುತ್ತಿದ್ದ. ಅವೂ ಹೀಗೆಯೇ ಹಳದಿಯಾದಾಗ ಜಾಮ್ ಬಾಟಲಿಯಲ್ಲಿ ಮಣ್ಣು ತುಂಬಿಕೊಂಡು ಅಕ್ಕನ ಪ್ರಯೋಗಾಲಯಕ್ಕೆ ಬಂದಿದ್ದನಂತೆ.

"ಇದನ್ನೆಲ್ಲ ಇಲ್ಲಿಗೆ ತರ್ಬೇಡ ಅಂದು ಕಳಿಸ್ಬಿಟ್ಟೆ. ಐದು ನಿಮಿಷದ ಕೆಲಸ. ಗಿಡ ಸತ್ತವು. ಆ ಚಳಿಗಾಲ ಪೂರ್ತಿ ಅವನು ಕಿರುಚಿದ. ಕಾನೂನಿಗೆ ಹೆದರಿದೆ ಅಂತ ಬಹಳ ವರ್ಷ ಅಂದ್ಕೊಂಡಿದ್ದೆ. ಅಲ್ಲ. ಪಕ್ಕದ ಮೇಜಿನವಳು ಏನಂತಾಳೋ ಅಂತ ಹೆದರಿದ್ದೆ." ಕಾನೂನು ಬದಲಾಗುವ ಹೊತ್ತಿಗೆ ವೆಂಡೆಲಿನ್ ತೀರಿಕೊಂಡು ಆರು ವರ್ಷವಾಗಿತ್ತು.

ಹನ್ನೊಂದನೆಯ ದಿನ ತುದಿಗಳಲ್ಲಿ ಹೊಸ ಎಲೆ ಬಿಚ್ಚಿತು: ಹಸಿರು. ಹಳದಿಯಾಗಿದ್ದ ಎಲೆಗಳು ಹಾಗೆಯೇ ಉಳಿದವು. ಆರು ಸಸಿಗಳು ಸತ್ತವು. ಅವನ್ನು ಹೆಡ್ವಿಗ್ ಬಚ್ಚಿಡದೆ ಬಾಗಿಲ ಬಳಿಯೇ ಇಟ್ಟಿದ್ದರು.

ಮುಂದಿನ ಸಭೆಯಲ್ಲಿ ಟಿಲೊ ಹೂಗುಚ್ಛ ತಂದ. ಅವರು ಅದನ್ನು ಪಕ್ಕಕ್ಕಿಟ್ಟು ನಡಾವಳಿ ಪುಸ್ತಕ ಕೇಳಿದರು.

"ಕೀಳು ತಳಿ ಅಂತ ಬರ್ದಿದೀಯಲ್ಲ, ಅದನ್ನ ಹೊಡೆದುಹಾಕು. ಮೀಟರು ಕೆಟ್ಟಿತ್ತು, ನಾವು ನೋಡ್ಕೊಳ್ಳಲಿಲ್ಲ ಅಂತ ಬರಿ."

"ಹೆಡ್ವಿಗ್, ಎಲ್ಲರೆದುರಿಗಾ?"

"ತಪ್ಪು ಬರ್ದಿದ್ದೂ ಎಲ್ಲರೆದುರಿಗೇ ಅಲ್ವಾ?"

ಟಿಲೊನ ಕಿವಿ ಕೆಂಪಾಯಿತು. ಬರೆದ.

ಹುಟ್ಟಿನಿಂದ ಧೈರ್ಯವಂತರಾದವರನ್ನು ನಾನು ಕಂಡಿದ್ದೇನೆ. ಅವರ ಜೊತೆ ಬಾಳುವುದು ಸುಲಭ, ಅವರು ಕ್ಷಮಿಸಿ ಮರೆಯುತ್ತಾರೆ. ಹೆಡ್ವಿಗ್ ಆ ಜಾತಿಯವರಲ್ಲ. ಒಮ್ಮೆ ಹೆದರಿ, ಆ ಹೆದರಿಕೆಯ ಫಲವನ್ನು ಬೇರೊಬ್ಬರು ಮೈಯಲ್ಲಿ ಅನುಭವಿಸಿದ್ದನ್ನು ಕಣ್ಣಾರೆ ಕಂಡವರು ಇವರು. ಇಂಥವರು ಸಭೆಗೆ ಪ್ರಿಯರಾಗುವುದಿಲ್ಲ. ಒರಟರೆಂದು, ಹಟಮಾರಿಗಳೆಂದು ಹೆಸರಾಗುತ್ತಾರೆ. ಯಃಕಶ್ಚಿತ್ ನಲವತ್ತು ಸಸಿಗಳ ಮುಂದೆ ಕೂತರೂ ಸರಿ, ಊರೇ ಬಂದರೂ ಏಳುವುದಿಲ್ಲ, ಏಕೆಂದರೆ ಒಂದು ಸಲ ಹೆದರಿ ಹಿಂದೆ ಸರಿದಾಗ ಏನಾಯಿತೆಂಬುದು ಅವರಿಗೆ ಗೊತ್ತು.