ಗುಳ್ಳೆ ಬಂತಾ

ಬೆಳೆಯುವ ಗುಳ್ಳೆಯಾದರೆ ಸೋರಿಕೆ, ಸುಮ್ಮನೆ ಕೂತ ಗುಳ್ಳೆಯಾದರೆ ಬ್ರಷ್ಷಿನದು, ಇದು ಯಾವುದು — ಆರ್ವಿಡ್ ಸೋಪಿನ ನೀರಿನ ಬ್ರಷ್ಷು ಹಿಡಿದು ಏಣಿಯ ಮೇಲೆ ಬಗ್ಗಿದ, ಒಡೆಯಿತು, ಬ್ರಷ್ಷಿನದೇ, ಫ್ಯಾನು ಟ್ರೇಲರಿನೊಳಗೆ ಗಾಳಿ ತುಂಬುತ್ತಲೇ ಇದೆ, ಮಳೆನೀರು ನುಗ್ಗುವ ಸಂದಿಯಿದ್ದರೆ ಅಲ್ಲಿ ಆ ಗಾಳಿ ಹೊರಬಂದು ಸೋಪಿನಲ್ಲಿ ಗುಳ್ಳೆಯೆಬ್ಬಿಸಬೇಕು, ಅರವತ್ತೊಂದರ ಮಾಡೆಲ್ಲು, ಚಕ್ರದ ಮೇಲಿನ ಅಂಗೈಯಗಲದ ಮನೆ, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಒಳಗೆ ಹೆಂಡತಿ ವರ್ನಾ ಕೂತಿದ್ದಾಳೆ, ಗುಳ್ಳೆ ಬಂತಾ ಅಂತ ಕೂಗುತ್ತಾಳೆ, ಇನ್ನೂ ಇಲ್ಲ ಮಾರಾಯ್ತಿ, ಒಂದು ಕಡೆಯಾದರೂ ಬರಲಪ್ಪ — ಥೂ, ಇದೆಂಥ ಹರಕೆ, ಆರು ವರ್ಷ ಬೆವರು ಸುರಿಸಿದವನು ಸೋರಲಿ ಎಂದು ಬೇಡಿಕೊಳ್ಳುವುದೇ. ಮೊದಲು ಕೊಳೆತ ಮರದ ಚೌಕಟ್ಟು, ಆಮೇಲೆ ಇಲಿ ಕಡಿದ ವೈರು, ಆಮೇಲೆ ಹೊಸ ಹಲಗೆಯ ಬಣ್ಣ ಹಳೆಯದಕ್ಕೆ ಹೊಂದಲಿಲ್ಲವೆಂದು ಕಿತ್ತು ಮತ್ತೆ ವಾರ್ನಿಷ್ಷು, ಎಂಜಿನ್ನೇ ಇಲ್ದಿರೋ ಗಾಡಿಗೆ ಇಷ್ಟು ವರ್ಷ ಏನಯ್ಯಾ ರಿಪೇರಿ ಅಂತ ಪಕ್ಕದ ಮನೆಯ ಹಾಲ್ವರ್ ಬೇಲಿಯಾಚೆಯಿಂದ ಚುಚ್ಚುತ್ತಿದ್ದ, ಕುಣಿಯಲಾರದವನಿಗೆ ನೆಲ ಡೊಂಕು ಎನ್ನುವುದು ಹಾಲ್ವರನಿಗೆ ಹೊಳೆದಿಲ್ಲ, ವರ್ನಾಳಿಗೆ ಹೊಳೆದಿದೆ. ನಿನ್ನೆ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, ಅದು ಸರಿಯಾದ್ರೆ ಹೊರಡ್ಬೇಕಾಗುತ್ತಲ್ಲ, ಅದಕ್ಕೇ ನಿಂಗೆ ಸರಿಯಾಗೋದು ಬೇಡ, ನಾಳೆ ಗುಳ್ಳೆ ಬಂತೋ ನಾನು ಬಸ್ಸು ಹತ್ತಿ ತಂಗಿ ಮನೆಗೆ ಹೋಗ್ತೀನಿ, ಇನ್ನು ನಿನ್ನ ದಾರಿ ಕಾಯಲ್ಲ.

ಹೌದು, ಭಯ, ಅದಕ್ಕೆ ಬೇರೆ ಹೆಸರಿಲ್ಲ — ಕಾಗದದ ಮಿಲ್ಲಿನಲ್ಲಿ ಜೀವಮಾನವೆಲ್ಲ ರಾತ್ರಿಪಾಳಿ, ಇವನು ಮನೆ ಹೊಕ್ಕಾಗ ಅವಳು ಶಾಲೆಯ ಅಡುಗೆಮನೆಗೆ ಹೊರಡುತ್ತಾಳೆ, ಬಾಗಿಲಲ್ಲಿ ಒಂದು ಮುತ್ತು, ಊಟ ಓವನ್ನಿನಲ್ಲಿದೆ, ಬಿಸಿ ಮಾಡ್ಕೋ, ಅಷ್ಟೇ ಸಂಸಾರ, ಅಷ್ಟರಲ್ಲೇ ಮಕ್ಕಳೂ ಬೆಳೆದರು, ಇವನು ನಿವೃತ್ತನಾದ ಮಾರನೆಯ ದಿನವೇ ಈ ಟ್ರೇಲರಿನ ಶೆಡ್ಡು ಸೇರಿಕೊಂಡ. ಈಗ ಇದನ್ನೆಳೆದುಕೊಂಡು ಹೊರಟರೆ ಸುಪೀರಿಯರ್ ಸರೋವರದ ದಡದಲ್ಲಿ ಒಂದೇ ಹಾಸಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಮೇಜು, ಮಳೆ ಹಿಡಿದರೆ ಇಡೀ ದಿನ ಎದುರುಬದುರು, ಬಾಗಿಲಿನ ಆ ಒಂದು ಮುತ್ತಿನ ಆಚೆಗೆ ತನ್ನಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತಾಗಿಬಿಟ್ಟರೆ, ಆಗ — ಅಗೋ, ಹಿಂಬದಿಯ ದೀಪದ ಮೇಲೆ, ಗುಳ್ಳೆ. ಒರೆಸಿದ. ಮತ್ತೆ ಅಲ್ಲೇ, ಕಡಲೆಕಾಳಿನಷ್ಟು, ದ್ರಾಕ್ಷಿಯಷ್ಟು, ಬೆಳೆಯುತ್ತಿದೆ, ಇದು ಬ್ರಷ್ಷಿನದಲ್ಲ, ಬೇಡಿಕೊಂಡದ್ದು ಬಂದೇಬಿಟ್ಟಿತು, ಇನ್ನೊಂದು ವರ್ಷ ಶೆಡ್ಡು, ಇನ್ನೊಂದು ವರ್ಷ ನೆಮ್ಮದಿ, ಬಸ್ಸು, ತಂಗಿ — ಕಿಟಕಿಯ ಗಾಜಿಗೆ ಅವಳ ಮೂಗು ಅಂಟಿದೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ಯಾವಾಗ, ಇವನು ನೋಡಿಯೇ ಇಲ್ಲ. ಗುಳ್ಳೆ ಬಂತಾ ಆರ್ವಿಡ್. ಗುಳ್ಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ, ಇಲ್ಲ ಕಣೇ, ಎಲ್ಲೂ ಇಲ್ಲ, ಹೊರಡೋಣ, ಅಂದ, ಬೆರಳಿನ ಅಡಿಯಲ್ಲಿ ಅವಳು ಕೂತ ಕೋಣೆಯ ಗಾಳಿ ತಣ್ಣಗೆ ನುಸುಳುತ್ತಲೇ ಇತ್ತು, ಬೆರಳಂಚಿನಲ್ಲಿ ಗುಳ್ಳೆ, ಮತ್ತೆ ಗುಳ್ಳೆ.