ಸಿಡುಕಿಯ ಬಲಗಡೆ

ತನ್ನನ್ನು ಕೊಂಡ ಹಲ್ಲಿನ ಡಾಕ್ಟರಮ್ಮನನ್ನೇ ಕಚ್ಚಿದ ಕುದುರೆ ಎಂಬ ಬಿರುದು ಹೊತ್ತುಕೊಂಡೇ ಸಿಡುಕಿ ಮೊಂಡನ ಮಾವನ ಲಾಯಕ್ಕೆ ಬಂದಿತ್ತು. ಕಂದು ಮೈ, ಹಣೆಯ ಮೇಲೆ ಸುಣ್ಣ ಸಿಡಿದಂಥ ಚುಕ್ಕೆ, ಕಿವಿಗಳು ಸದಾ ಹಿಂದಕ್ಕೆ. ಹಗ್ಗ ಹಿಡಿದವರನ್ನು ಭುಜದಿಂದ ತಳ್ಳುವುದು, ಅವರ ಪಾದ ತುಳಿಯುವುದು, ಬಾಗಿಲಲ್ಲಿ ಮನುಷ್ಯರಿಗಿಂತ ಮುಂಚೆ ನುಗ್ಗುವುದು, ಇವು ಅದರ ದಿನಚರಿ.

"ನೀವು ಊರವರ ಹಲ್ಲು ಕೀಳ್ತೀರಿ, ಇದು ನಿಮ್ಮ ತೋಳೇ ಕೀಳೋಕೆ ಹೊರಟಿದೆಯಲ್ಲ ಡಾಕ್ಟರಮ್ಮ!" ಎಂದು ಮಾವ ತಾನೇ ಹೇಳಿ ತಾನೇ ನಕ್ಕ.

ಡಾಕ್ಟರಮ್ಮ ನಗಲಿಲ್ಲ. ತೋಳಿನ ಬ್ಯಾಂಡೇಜು ಸವರಿಕೊಂಡು, "ತಿಂಗಳು ಬಿಟ್ಟು ಬರ್ತೀನಿ. ನಾನು ಹಗ್ಗ ಹಿಡಿದಾಗ ಮರ್ಯಾದೆಯಿಂದ ನಡೀಬೇಕು. ಇಲ್ಲಾಂದ್ರೆ ದಲ್ಲಾಳಿಗೆ ಕೊಟ್ಟು ಕೈ ತೊಳ್ಕೋತೀನಿ," ಎಂದು ಹೊರಟರು. ದಲ್ಲಾಳಿಯ ಲಾರಿ ಹತ್ತಿದ ಕುದುರೆಯನ್ನು ಮತ್ತೆ ಕಂಡವರಿಲ್ಲ. ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತು.

ಮಾವ ಸಿಡುಕಿಯ ಹಗ್ಗವನ್ನು ಮೊಂಡನ ಕಡೆ ಎಸೆದ. ಮೊಂಡ ಅವನ ತಂಗಿಯ ಮಗ. ಆ ಹೆಸರಿಟ್ಟವನೂ ಮಾವನೇ. ಶಾಲೆ ಅರ್ಧಕ್ಕೆ ಬಿಡಿಸಿ ಲಾಯಕ್ಕೆ ಹಾಕಿಕೊಂಡವನು ಮಾವ; "ಓದು ತಲೆಗೆ ಹತ್ತಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದವನೂ ಮಾವ. ಮೀಸೆ ಮೂಡುವ ಮುಂಚಿನಿಂದ ಮೊಂಡ ಅಲ್ಲಿ ಲದ್ದಿ ಎತ್ತುತ್ತಿದ್ದ. ಸಂಬಳ ಕೇಳಿದರೆ "ಮನೆಮಗನಿಗೆ ಸಂಬಳ ಎಂಥದ್ದೋ?" ರಜೆ ಕೇಳಿದರೆ "ಬಿಟ್ಟಿ ಕೂಳು ತಿನ್ನೋನಿಗೆ ರಜೆ ಬೇರೆ ಕೇಡು!" ಬೆಳಗ್ಗೆ ಮನೆಮಗ, ಸಂಜೆ ಬಿಟ್ಟಿ ಕೂಳು. ನಡುವೆ ದಿನವಿಡೀ ದುಡಿತ.

"ಇದನ್ನ ದಾರಿಗೆ ತಂದರೆ ಬುಟ್ಟಿ ಬಿಡು, ಹಗ್ಗ ಹಿಡಿ. ಈ ಲಾಯದಲ್ಲಿ ಕುದುರೆ ಪಳಗಿಸೋನು ನೀನೇ," ಎಂದ ಮಾವ.

ಮೊಂಡ ಸಿಡುಕಿಯ ಬೆನ್ನ ಮೇಲೆ ಹತ್ತಲೇ ಇಲ್ಲ. ಅವನದೆಲ್ಲ ನೆಲದ ಮೇಲಿನ ಕೆಲಸ: ಮರಳು ಹಾಸಿದ ದುಂಡನೆಯ ಕಟಾಂಜನದೊಳಗೆ ಒಂದು ಹಗ್ಗ, ಒಂದು ಕೋಲು, ಎರಡು ಕಾಲು. ಎದುರುಬದುರು ನಿಂತಾಗ ಯಾರು ಯಾರ ಕಾಲನ್ನು ಸರಿಸುತ್ತಾರೋ ಅವರೇ ದೊಡ್ಡವರು. ಕುದುರೆಯ ಲೆಕ್ಕದಲ್ಲಿ ಬೇರೆ ಕಾನೂನಿಲ್ಲ. ಸಿಡುಕಿ ಮೈಮೇಲೆ ಬಂದರೆ ಮೊಂಡ ಹಿಂದೆ ಸರಿಯಲಿಲ್ಲ. ಹಗ್ಗ ಅಲ್ಲಾಡಿಸಿದ, ಕೋಲಿನಿಂದ ಮರಳಿಗೆ ಬಡಿದ. ಅದು ಒಂದೇ ಒಂದು ಹೆಜ್ಜೆ ಹಿಂದಿಟ್ಟ ಕ್ಷಣ ಹಗ್ಗ ಸಡಿಲ ಬಿಟ್ಟ. ಎಳೆಯುವುದು ಯಾವ ದಡ್ಡನಿಗೂ ಬರುತ್ತದೆ. ಕುದುರೆ ಕಲಿಯುವುದು ಎಳೆದದ್ದರಿಂದಲ್ಲ, ಒಪ್ಪಿದ ತಕ್ಷಣ ಬಿಟ್ಟದ್ದರಿಂದ. ಮೊಂಡನೂ ಈ ಮನೆಯಲ್ಲಿ ಹೇಳಿದ್ದಕ್ಕೆಲ್ಲ ಒಪ್ಪಿಕೊಂಡೇ ಬಂದಿದ್ದ. ಅವನ ಹಗ್ಗವನ್ನು ಮಾತ್ರ ಯಾರೂ ಸಡಿಲ ಬಿಟ್ಟಿರಲಿಲ್ಲ.

ದಿನ ಕಳೆದಂತೆ ಸಿಡುಕಿಯ ಕಿವಿ ಮುಂದಕ್ಕೆ ತಿರುಗಿತು. ಮೊಂಡ ಎಡಗೈ ಎತ್ತಿದರೆ ನಡೆಯುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು, ಬೆರಳು ಆಡಿಸಿದರೆ ಹಿಂದೆ ಸರಿದು ಅವನ ಜಾಗ ಅವನಿಗೆ ಬಿಡುತ್ತಿತ್ತು. ಬಾಗಿಲಲ್ಲಿ ತಾನೇ ನಿಂತು "ನೀನು ಮೊದಲು" ಎನ್ನುವಂತೆ ನೋಡುತ್ತಿತ್ತು. ಮೊಂಡನಿಗೆ "ನೀನು ಮೊದಲು" ಎಂದ ಜೀವ ಈ ಭೂಮಿಯ ಮೇಲೆ ಅದೊಂದೇ.

ಒಂದು ಹುಳುಕಿತ್ತು. ಕುದುರೆಗೆ ಎಡಗಡೆ ಕಲಿಸಿದ್ದು ಬಲಗಡೆಗೆ ತಾನಾಗಿ ಹೋಗುವುದಿಲ್ಲ. ಎರಡು ಕಣ್ಣಿಗೂ ಬೇರೆ ಬೇರೆಯಾಗಿ ಕಲಿಸಬೇಕು. ಎಡಕ್ಕೆ ಸುತ್ತಿಸಲು ಎಡಗೈ ಎತ್ತಬೇಕು, ಬಲಕ್ಕೆ ಬಲಗೈ. ಮೊಂಡನ ಬಲಗೈ ಭುಜದ ಮಟ್ಟ ದಾಟುತ್ತಿರಲಿಲ್ಲ. ಹಿಂದೊಮ್ಮೆ ಗಿರಾಕಿಯೊಬ್ಬನ ಮೋಜಿಗೆಂದು ಮಾವ ಅವನನ್ನು ಪಳಗದ ಕುದುರೆಯ ಮೇಲೆ ಹತ್ತಿಸಿದ್ದ. ಬಿದ್ದವನ ಭುಜ ಮುರಿದಿತ್ತು. "ಉಳುಕಿರಬೇಕು, ಬಿಸಿನೀರು ಹಾಕು" ಎಂದು ದಿನ ತಳ್ಳಿ, ಊದಿ ಕಪ್ಪಾದ ಮೇಲಷ್ಟೇ ಆಸ್ಪತ್ರೆಗೆ ಕರೆದೊಯ್ದಿದ್ದ. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಕೈ ಏಳುವುದಿಲ್ಲವೆಂದು ಮೊಂಡ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕೈ ಎತ್ತಲಾರದವನಿಗೆ ಹಗ್ಗ ಯಾರು ಕೊಡುತ್ತಾರೆ?

ಅಮ್ಮ ಒಬ್ಬಳಿಗೆ ಗೊತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಭುಜಕ್ಕೆ ಎಣ್ಣೆ ನೀವುತ್ತಾ, "ಮಾವನ ಹತ್ತಿರ ಹೇಳಿಬಿಡಬಾರದೇನೋ?" ಎಂದಳು.

"ಹೇಳಿದರೆ ಏನ್ಮಾಡ್ತಾನಮ್ಮ, ಹೊಸ ಕೈ ತಂದು ಜೋಡಿಸ್ತಾನಾ?"

"ಮೆಲ್ಲಗೆ ಮಾತಾಡೋ. ಅಣ್ಣನ ಮನೇಲಿದ್ದೀವಿ."

"ಹುಟ್ಟಿದಾಗಿಂದ ಮೆಲ್ಲಗೇ ಮಾತಾಡ್ತಿದ್ದೀನಿ!"

ನಾಳೆ ಬಲಗಡೆ ಶುರು ಮಾಡುತ್ತೇನೆ ಎಂದುಕೊಳ್ಳುತ್ತಿದ್ದ. ನಾಳೆ ಬಂದರೆ ಭುಜ ಚುಳುಕ್ಕೆನ್ನುತ್ತಿತ್ತು, ಮತ್ತೆ ಎಡಗಡೆಗೇ ನಿಲ್ಲುತ್ತಿದ್ದ. ಮರಳಿನಲ್ಲಿ ಗೊರಸಿನ ಗುರುತುಗಳೆಲ್ಲ ಒಂದೇ ಕಡೆಗೆ ಮುಖ ಮಾಡಿರುತ್ತಿದ್ದವು. ಯಾರಾದರೂ ನೋಡಿಯಾರೆಂದು ಸಂಜೆ ಬಾಚುಕೋಲಿನಿಂದ ಮರಳನ್ನೆಲ್ಲ ಬಾಚಿ ಸಮ ಮಾಡಿಬಿಡುತ್ತಿದ್ದ.

ತಿಂಗಳು ತುಂಬಿ ಡಾಕ್ಟರಮ್ಮ ಬಂದರು. ಮೊಂಡ ಅವರನ್ನು ಸಿಡುಕಿಯ ಎಡಗಡೆ ನಿಲ್ಲಿಸಿ ಹಗ್ಗ ಕೊಟ್ಟ. "ಕೈ ಎತ್ತಿ ಅಷ್ಟೇ. ಎಳೀಬೇಡಿ. ಅವಳು ಬಂದ ತಕ್ಷಣ ಹಗ್ಗ ಸಡಿಲ ಬಿಡಿ." ಸಿಡುಕಿ ನಡೆಯಿತು. ನಿಂತಿತು. ಹಿಂದೆ ಸರಿಯಿತು. ಡಾಕ್ಟರಮ್ಮನ ಮುಖ ಎಳೆ ಹುಡುಗಿಯ ಮುಖದಂತಾಯಿತು.

"ಇದು ಅದೇ ಕುದುರೆನಾ? ಬದಲಾಯಿಸಿಲ್ಲ ತಾನೇ?" ಎಂದು ನಕ್ಕರು. ಆಮೇಲೆ ಮೊಂಡನತ್ತ ತಿರುಗಿ, "ಮನೆ ಹಿಂದೆ ನಾನೇ ಒಂದು ಲಾಯ ಕಟ್ಟಿಸ್ತಿದ್ದೀನಪ್ಪ. ಇವಳ ಜೊತೆ ನೀನೂ ಬಂದುಬಿಡ್ತೀಯಾ? ಇರೋಕೆ ರೂಮಿದೆ, ಸಂಬಳ ಕೊಡ್ತೀನಿ. ತಾಯಿನೂ ಕರ್ಕೊಂಡು ಬಾ."

ಮೊಂಡ ಹೂಂ ಎಂದು ತಲೆಯಾಡಿಸಿದ. ಕಟಾಂಜನದ ಮೇಲೆ ಮೊಣಕೈ ಊರಿ ನಿಂತಿದ್ದ ಮಾವನ ಮುಖದಿಂದ ನಗು ಜಾರಿತು. ಮರುಕ್ಷಣವೇ ಮತ್ತೆ ಬಂದು ಕೂತಿತು.

"ಧಾರಾಳವಾಗಿ ಕರ್ಕೊಂಡು ಹೋಗಿ, ನಮ್ಮ ಹುಡುಗ ಉದ್ಧಾರ ಆದರೆ ನನಗೇನು ಹೊಟ್ಟೆಕಿಚ್ಚೇ?" ಎಂದ ಮಾವ. "ಎಡಗಡೆ ಆಯ್ತಲ್ಲ ಡಾಕ್ಟರಮ್ಮ, ಬಲಗಡೆಯಿಂದಲೂ ಒಂದ್ಸಲ ನೋಡಿಬಿಡಿ. ಆಮೇಲೆ ನಮ್ಮ ಮೇಲೆ ಮಾತು ಬರಬಾರದು."

ಮೊಂಡನ ತಲೆ ಲೆಕ್ಕ ಹಾಕತೊಡಗಿತು. ಬೇಡ ಎನ್ನಬೇಕು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಕೈ ತೋರಿಸಬೇಕು. ಕೈ ತೋರಿಸಿದರೆ ರೂಮು ಹೋಯಿತು, ಸಂಬಳ ಹೋಯಿತು, ಅಮ್ಮ ಅದೇ ಅಡುಗೆಮನೆಯ ಮೂಲೆ. ಅವನು ಇಷ್ಟು ಯೋಚಿಸುವುದರೊಳಗೆ ಡಾಕ್ಟರಮ್ಮ ಬಲಗಡೆಗೆ ಬಂದು ಕೈ ಎತ್ತಿಯಾಗಿತ್ತು. ಸಿಡುಕಿಯ ಬಲಗಣ್ಣು ಬೆಳ್ಳಗಾಯಿತು. ಹಳೆಯ ಸಿಡುಕಿ ಒಂದೇ ಏಟಿಗೆ ಮೈಮೇಲೆ ಬಂತು. ಭುಜದಿಂದ ಗುದ್ದಿತು. ಡಾಕ್ಟರಮ್ಮ ಅಂಗಾತ ಬಿದ್ದರು, ಕನ್ನಡಕ ಗೊರಸಿನ ಕೆಳಗೆ ಪುಡಿಯಾಯಿತು.

"ಅವಳ ತಪ್ಪಲ್ಲ ಡಾಕ್ಟರಮ್ಮ," ಮೊಂಡ ಅವರನ್ನು ಎಬ್ಬಿಸುತ್ತಾ ತೊದಲಿದ. "ನನ್ನ ಈ ಕೈ ಏಳಲ್ಲ. ಬಲಗಡೆ ಕಲಿಸೇ ಇಲ್ಲ. ಇನ್ನೊಂದು ವಾರ ಕೊಡಿ."

ಡಾಕ್ಟರಮ್ಮ ಅವನ ಕೈ ಕೊಡವಿದರು. "ಅಂದ್ರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ನಿಂತು ನೋಡಿದೆ."

ಅವರು ಕಾರಿನಿಂದಲೇ ದಲ್ಲಾಳಿಗೆ ಫೋನು ಮಾಡಿದರು.

ಕಾರು ಹೋದ ಮೇಲೆ ಮೊಂಡ ಮಾವನ ಎದುರು ನಿಂತ. "ನಿಮಗೆ ಗೊತ್ತಿತ್ತು."

"ದಿನಾ ಸಂಜೆ ಮರಳು ಬಾಚ್ತಿದ್ದೆಯಲ್ಲೋ," ಎಂದ ಮಾವ ಹಲ್ಲು ಕಡ್ಡಿಯಿಂದ ಕೆದಕುತ್ತಾ. "ಆಗಲೇ ಅಂದ್ಕೊಂಡೆ, ಏನೋ ಮುಚ್ಚಿಡ್ತಿದ್ದಾನೆ ಅಂತ. ಒಂದಿನ ನೀನು ಬಾಚೋಕೆ ಮುಂಚೆ ಬಂದು ನೋಡಿದೆ, ಗೊರಸೆಲ್ಲ ಒಂದೇ ಕಡೆ. ಹೇಳಿಸಿಕೊಳ್ಳದೆ ನೀನು ಮಾಡಿದ ಕೆಲಸ ಈ ಮನೇಲಿ ಅದೊಂದೇ."

ಮಧ್ಯಾಹ್ನ ಲಾರಿ ಬಂತು. ಸಿಡುಕಿ ಲಾರಿಗೆ ಒರಗಿಸಿದ ಹಲಗೆ ಹತ್ತಲಿಲ್ಲ. ದಲ್ಲಾಳಿಯ ಆಳುಗಳು ಎಳೆದರು, ಹಿಂದಿನಿಂದ ಬಡಿದರು. ಒಬ್ಬ ಒದೆ ತಿಂದು ಕುಂಟತೊಡಗಿದ. "ಇನ್ನೊಂದು ಗಳಿಗೆ ನೋಡ್ತೀನಿ, ಹತ್ತದಿದ್ರೆ ಬಿಟ್ಟು ಹೋಗ್ತೀನಿ. ನನಗೆ ಬೇರೆ ಊರಿಗೆ ಹೋಗೋದಿದೆ," ಎಂದ ದಲ್ಲಾಳಿ.

"ಏ ಮೊಂಡ, ನೀನೇ ಹತ್ತಿಸೋ," ಎಂದ ಮಾವ.

ಮೊಂಡ ಹಗ್ಗ ಹಿಡಿದ. ಎಡಗಡೆ ನಿಂತು ಕೈ ಎತ್ತಿದರೆ ಸಾಕು, ಹತ್ತುತ್ತದೆ. ಅದು ಅವನಿಗೆ ಗೊತ್ತಿತ್ತು. ಅವನು ಸುತ್ತು ಹಾಕಿ ಬಲಗಡೆಗೆ ಹೋದ. ಈ ಕಡೆ ಅದಕ್ಕೇನೂ ಬರುವುದಿಲ್ಲ. ಹತ್ತುವುದಿಲ್ಲ. ಲಾರಿ ಖಾಲಿ ಹೋಗುತ್ತದೆ. ನಾಳೆ ಬೆಳಗ್ಗೆ ಡಾಕ್ಟರಮ್ಮನ ದವಾಖಾನೆಯ ಬಾಗಿಲಲ್ಲಿ ಕೂತು ಕಾಲು ಹಿಡಿದಾದರೂ ಒಪ್ಪಿಸುತ್ತೇನೆ.

ನೋಡುವವರ ಕಣ್ಣಿಗೆ ಕಾಣಲಿ ಎಂದು ಬಲಗೈ ಎತ್ತಿದ. ಭುಜದೊಳಗೆ ಏನೋ ಹರಿದಂತಾಯಿತು. ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

ಸಿಡುಕಿಯ ಬಲಗಿವಿ ಅವನತ್ತ ಹೊರಳಿತು. ಆಮೇಲೆ ಬಲಗಣ್ಣು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು, ತಲೆ ತಗ್ಗಿಸಿತು, ತುಟಿ ಚಪ್ಪರಿಸಿತು. ಡಬ್ ಎಂದು ಒಂದು ಗೊರಸು ಹಲಗೆಯ ಮೇಲೆ ಬಿತ್ತು.

ಇಷ್ಟು ದಿನದ ಅಭ್ಯಾಸ; ಅವನ ಬೆರಳುಗಳು ಅವನನ್ನು ಕೇಳಲಿಲ್ಲ. ಹಗ್ಗ ಸಡಿಲ ಬಿಟ್ಟವು.

ಸರಿ ಮಾಡಿದೆನಲ್ಲ ಎಂದುಕೊಂಡು ಸಿಡುಕಿ ಉಳಿದ ಹೆಜ್ಜೆಗಳನ್ನು ತಾನಾಗಿಯೇ ಇಟ್ಟು ಒಳಗೆ ಹೋಯಿತು. ಆಳುಗಳು ದಡಬಡ ಬಾಗಿಲು ಹಾಕಿ ಅಗಳಿ ಜಡಿದರು.

"ಅರೆರೆ, ಬಲಗಡೆನೂ ಬರುತ್ತಲ್ಲೋ ಇದಕ್ಕೆ!" ಮಾವ ತೊಡೆ ತಟ್ಟಿ ನಕ್ಕ. "ಬೆಳಗ್ಗೆ ಎಲ್ಲಿ ಅಡಗಿತ್ತೋ ಈ ವಿದ್ಯೆ? ಒಂದ್ಸಲ ಕಲಿಸಿದ್ದರೆ ಸಾಕಿತ್ತಲ್ಲೋ ಮುಠ್ಠಾಳ!"

ಲಾರಿ ಗೇಟು ದಾಟಿತು. ಒಳಗಿನಿಂದ ಒಂದು ಸಲ ಕೆನೆತ ಕೇಳಿಸಿತು, ಆಮೇಲೆ ಬರೀ ಇಂಜಿನ್ನಿನ ಸದ್ದು.

"ನಿಂತು ಏನು ನೋಡ್ತೀಯ? ಅದರ ಜಾಗ ತೊಳೆದಿಡು. ನಾಳೆ ಇನ್ನೊಂದು ಬರ್ತಿದೆ."

ಮೊಂಡ ಬುಟ್ಟಿ ಎತ್ತಿಕೊಂಡು ಲಾಯದೊಳಗೆ ಹೋದ. ಲದ್ದಿ ಇನ್ನೂ ಬೆಚ್ಚಗಿತ್ತು.