ದಾಸ ಕೆದರಿದ ಗುಲಾಬಿ

ಅರವತ್ತಾರನೇ ಇಸವಿಯಲ್ಲಿ ಆನಂದಪುರದ ನಮ್ಮ ಅಂಗಳದಲ್ಲಿದ್ದದ್ದು ಒಂದೇ ಗುಲಾಬಿ ಗಿಡ. ಶಿವರಾತ್ರಿ ಕಳೆದ ಮೇಲೆ ಅದರ ಗೆಲ್ಲುಗಳನ್ನು ಸವರಿ, ಕಡಿದ ತುದಿಗಳಿಗೆ ಸಗಣಿ ಮೆತ್ತಿದೆ. ಅತ್ತೆ ಹೇಳಿಕೊಟ್ಟಂತೆ, ಮೀನು ತಂದಾಗಲೆಲ್ಲ ತೊಳೆದ ನೀರನ್ನು ಬುಡಕ್ಕೆ ಹೊಯ್ದೆ.

ನಮ್ಮ ನಾಯಿ ದಾಸ ಬುಡ ಕೆದರಿ ಬೇರು ಹೊರಗೆ ಹಾಕಿದ. ಮಣ್ಣು ಮುಚ್ಚಿ, ಸುತ್ತ ನಿಂಬೆಮುಳ್ಳು ಇಟ್ಟೆ. ಮೂಗು ಗೀರಿಸಿಕೊಂಡಾದರೂ ಮತ್ತೆ ಕೆದರಿದ, ಹಾಳಾದವನು! ನಾನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುವಾಗ ಪಕ್ಕದ ಮನೆಯ ಕೆರಿಯಮ್ಮ ಬೇಲಿಯಾಚೆಯಿಂದ ಕೂಗಿದಳು:

"ದುಗ್ಗಮ್ಮಾ, ಬುಡಕ್ಕೆ ಎಂತ ಹಾಕ್ತೀಯೆ?"

"ಮೀನು ತೊಳೆದ ನೀರು. ಗಿಡ ಚೆನ್ನಾಗಿ ಬರ್ತದೆ."

"ನೀನೇ ಊಟಕ್ಕೆ ಕರೀತೀಯ, ಬಂದ್ರೆ ಪೊರಕೇಲಿ ಹೊಡೀತೀಯಾ?"

ಪೊರಕೆ ಕೆಳಗಿಟ್ಟೆ. ಅಂದಿನಿಂದ ಗಿಡಕ್ಕೆ ಹಳೆಯ ಸಗಣಿ ಗೊಬ್ಬರ, ಮೀನು ತೊಳೆದ ನೀರು ದಾಸನ ಬೋಗುಣಿಗೆ.

ಯುಗಾದಿಯ ಬೆಳಿಗ್ಗೆ ಮೊದಲ ಹೂವು ಅರಳಿತು. ಕಿತ್ತು ಮುಡಿಗೆ ಇಟ್ಟುಕೊಳ್ಳಲು ಕೈ ಎತ್ತಿದೆ. ದಾಸ ಗಿಡದಿಂದ ಮಾರು ದೂರದಲ್ಲೇ ಕುಳಿತು, ನನ್ನ ಇನ್ನೊಂದು ಕೈಯಲ್ಲಿ ಪೊರಕೆ ಇದೆಯೇ ಎಂದು ನೋಡುತ್ತಿದ್ದ.

ಹೂವನ್ನು ಅವನ ಕೊರಳ ಹಗ್ಗಕ್ಕೆ ಸಿಕ್ಕಿಸಿದೆ.